ತೇಗವೋ, ಷೇರೋ, ಪೋಸ್ಟಾಫೀಸೋ?

ಪೀಣ್ಯದ ನಮ್ಮ ಕಾರ್ಖಾನೆ ಕೊನೆಯುಸಿರೆಳೆಯುತ್ತಿದ್ದಾಗ ಅಳುವುದಕ್ಕೆ ಬೇಕಾದಷ್ಟು ಕಾರಣಗಳಿದ್ದವು. ಆದರೂ ಹಾಳಾದ್ದು, ನಗು ಬರುವಂಥದ್ದೇ ನಡೆಯುತ್ತಿತ್ತು.

ಕ್ಯಾಂಟೀನಿನ ಪಾಠ

ತೊಂಬತ್ತರ ದಶಕದ ಮಧ್ಯಭಾಗ. ವಿಆರ್‌ಎಸ್ ಕೊಟ್ಟು ಎಲ್ಲರನ್ನೂ ಮನೆಗೆ ಕಳಿಸುತ್ತಿದ್ದರು. ನಮ್ಮ ಇನ್‌ಸ್ಪೆಕ್ಷನ್ ವಿಭಾಗದ ಫೋರ್‌ಮನ್‌ಗೆ ಬಂದ ಹಣ ಮಗಳ ಮದುವೆಗೆಂದೇ ಮೀಸಲು. ಗಂಡು ಗೊತ್ತಾಗಿತ್ತು, ಹುಡುಗಿಯ ಓದು ಮುಗಿಯಬೇಕಿತ್ತು, ಅಷ್ಟೆ. ಆದರೆ ಬೀಗರು ದೊಡ್ಡ ಛತ್ರವೇ ಆಗಬೇಕು ಎಂದು ಪಟ್ಟು ಹಿಡಿದಿದ್ದರು. ಅದಕ್ಕೆ ಇದ್ದ ಹಣ ಸಾಲದು. ಷೇರಿಗೆ ಹಾಕುವುದೋ, ನಮ್ಮ ಹೆಸರಿಗೆ ಸಸಿ ಮಾರಿ, ಬೆಳೆಸಿ ದುಪ್ಪಟ್ಟು ಕೊಡುತ್ತೇವೆನ್ನುವ ತೇಗದ ತೋಟದ ಕಂಪನಿಗೋ?

ಸಂಜೆ ಕಾಲೇಜಿನಲ್ಲಿ ಎಂಬಿಎ ಓದುತ್ತಿದ್ದ ಅಕೌಂಟ್ಸ್ ಆಫೀಸರ್ ಟೇಬಲ್ ಮೇಲೆ ಎರಡು ಗೆರೆ ಎಳೆದರು. "ನೋಡ್ರೀ, ಒಳ್ಳೇ ಕಾಲ ಬರ್ಲಿ, ಕೆಟ್ಟ ಕಾಲ ಬರ್ಲಿ, ಒಂದು ಇನ್ನೊಂದಕ್ಕಿಂತ ಯಾವತ್ತೂ ಕಮ್ಮಿ ಕೊಡಲ್ಲ ಅಂದ್ರೆ ಕಣ್ಮುಚ್ಚಿ ಅದನ್ನೇ ತಗೋಬೇಕು. ಷೇರಿಗಿಂತ ತೇಗ ಕಮ್ಮಿ ಕೊಡೋದೇ ಇಲ್ಲ."

"ಅದು ಹೆಂಗೆ ಗೊತ್ತಾಯ್ತು ಸಾರ್?" ಎಂದರು ಫೋರ್‌ಮನ್.

"ತೇಗದ ಕಂಪನಿಯವರೇ ಹೇಳಿದ್ರು."

ಕಲಸುಮೇಲೋಗರ

ವಾರದಲ್ಲೇ ಆಫೀಸರ್ ಹೊಸ ಅಧ್ಯಾಯ ಓದಿ ಬಂದರು. ಒಂದೊಂದನ್ನೇ ತೂಗಿದ್ದು ತಪ್ಪಂತೆ. ಅರ್ಧ ಹಣ ಅಪಾಯವಿಲ್ಲದ ಪೋಸ್ಟಾಫೀಸಿನಲ್ಲಿಟ್ಟು ಅರ್ಧ ಷೇರಿಗೆ ಹಾಕಿದರೆ, ಬರೀ ತೇಗಕ್ಕಿಂತ ಅದೇ ಮೇಲಂತೆ. ತೇಗಕ್ಕೂ ಪೋಸ್ಟಾಫೀಸು ಬೆರೆಸಿದರೆ ಮತ್ತೆ ತೇಗವೇ ಮೇಲಂತೆ.

ಫೋರ್‌ಮನ್ ಹೆಂಡತಿ ದಾಸರಹಳ್ಳಿಯ ಮನೆಯಲ್ಲಿ ಇದನ್ನು ಕೇಳಿ, "ಎರಡನ್ನೂ ಪೋಸ್ಟಾಫೀಸೇ ಕೈಹಿಡಿದು ನಡೆಸ್ಬೇಕು ಅಂದ್ಮೇಲೆ, ಆ ಕುಂಟರ ಸಹವಾಸ ಯಾಕ್ರೀ?" ಎಂದರು.

ಆಕೆಯ ಮಾತಿಗೆ ಅರ್ಧ ಹಣ ಪೋಸ್ಟಾಫೀಸಿನಲ್ಲಿ ಇಟ್ಟದ್ದೇನೋ ನಿಜ. ಅಷ್ಟರಲ್ಲಿ ತೇಗದ ಏಜೆಂಟ್ ಗೋಡೆ ಗಡಿಯಾರ ಉಡುಗೊರೆ ಕೊಟ್ಟ. ಉಳಿದರ್ಧವನ್ನು ಆಕೆಯೇ ತೇಗಕ್ಕೆ ಕೊಡಿಸಿದರು.

ತೇಗ ಪಾಸ್

ಫೋರ್‌ಮನ್‌ಗೆ ಅನುಮಾನ ಹೋಗಲಿಲ್ಲ. ಅಳೆಯದೆ ಯಾವ ಮಾಲನ್ನೂ ಒಳಗೆ ಬಿಟ್ಟ ಮನುಷ್ಯನಲ್ಲ. ನೆಲಮಂಗಲದ ಆಚೆಯ ತೋಟಕ್ಕೆ ಆಗಾಗ ವರ್ನಿಯರ್ ಹಿಡಿದು ಹೋಗಿ ಸಸಿಗಳ ದಪ್ಪ ಅಳೆದು ಬರುತ್ತಿದ್ದರು. "ಸಸಿ ಪಾಸ್ ಕಣ್ರೀ! ಒಂದೂ ರಿಜೆಕ್ಟ್ ಇಲ್ಲ," ಎನ್ನುತ್ತಿದ್ದರು.

ಸಸಿಗಳು ನಿಜಕ್ಕೂ ಚೆನ್ನಾಗಿದ್ದವು. ಅಳೆಯಬೇಕಿದ್ದದ್ದು ಕಂಪನಿಯ ಮಾಲೀಕನನ್ನು.

ಬೀಗ ಬಿದ್ದ ಬಾಗಿಲು

ಒಂದು ಬೆಳಿಗ್ಗೆ ಕಂಪನಿ ಮುಚ್ಚಿದೆಯೆಂಬ ಸುದ್ದಿ ಬಂತು. ನಾನೂ ಫೋರ್‌ಮನ್ ಜೊತೆ ಅದರ ಆಫೀಸಿಗೆ ಓಡಿದೆ. ಬಾಗಿಲಿಗೆ ಬೀಗ, ಮುಂದೆ ಜನಜಾತ್ರೆ. ಮಗಳ ಹೆಸರು ಹೇಳುತ್ತ ಫೋರ್‌ಮನ್ ಗೋಡೆಗೊರಗಿದರು. "ಬೀಗರಿಗೆ ಯಾವ ಮುಖ ತೋರಿಸ್ಲಿ?"

ತಲೆಯೆತ್ತಿದರೆ ಎದುರಿಗೇ ಬೀಗರು!

"ಸುಮ್ನೆ... ಈ ಕಡೆ ಬಂದಿದ್ದೆ," ಎಂದರು ಬೀಗರು.

"ನಾನೂ ಅಷ್ಟೇ," ಎಂದರು ಫೋರ್‌ಮನ್.

ಇಬ್ಬರೂ ಒಂದೊಂದು ಸಲ ಬೀಗ ಎಳೆದು ನೋಡಿದರು. ಕೊನೆಗೆ ಫೋರ್‌ಮನ್‌ಗೆ ತಡೆಯಲಾಗಲಿಲ್ಲ. "ನಿಮ್ಮ ಸಸಿ ಯಾವ ಕಡೇವು ಬೀಗರೇ?"

"ಬಾವಿ ಪಕ್ಕ, ಬೇಲಿಗೆ ಹತ್ಕೊಂಡಿರೋ ಸಾಲು."

"ಅಯ್ಯೋ, ಅದು ನಮ್ಮದು!"

ಕಂಪನಿಯವರು ಒಂದೇ ಸಾಲನ್ನು ಎರಡೂ ಮನೆಗೆ ಮಾರಿದ್ದರು.

ಬೀಗರ ದನಿ ಇಳಿಯಿತು. "ಛತ್ರ ಬೇಡ ಬಿಡಿ. ಮನೆ ಮುಂದೆ ಶಾಮಿಯಾನ ಹಾಕ್ಸಿ, ಸಾಕು."

"ಅಷ್ಟಕ್ಕೆ ಪೋಸ್ಟಾಫೀಸಿನ ದುಡ್ಡಿದೆ ಬೀಗರೇ," ಎಂದು ಫೋರ್‌ಮನ್ ಕಣ್ಣೊರೆಸಿಕೊಂಡರು. "ತೇಗಕ್ಕೆ ಮಾತ್ರ ಜಗಳ ಬೇಡ. ಇಬ್ರೂ ಸೇರಿ ಆ ಸಾಲನ್ನ ಮಕ್ಕಳಿಗೇ ಮುಯ್ಯಿ ಮಾಡ್ಬಿಡೋಣ."