ಜಗಲಿಯ ವಿಚಾರಣೆಗೆ ನಾನೊಯ್ದ ಸಾಕ್ಷಿ

"ನಿಮ್ಮ ಜಗಲಿಯು ಮೋರಿಯ ಮೇಲೆ ಒಂದು ಮೊಳ ಚಾಚಿರುವುದಾಗಿ ತಿಳಿದುಬಂದಿದೆ. ದಂಡ ವಿಧಿಸಿ ಅದನ್ನು ಏಕೆ ಕೆಡವಿಸಬಾರದೆಂಬುದಕ್ಕೆ ಸೋಮವಾರ ಖುದ್ದು ಹಾಜರಾಗಿ ಸಮಜಾಯಿಷಿ ಹೇಳತಕ್ಕದ್ದು."

ಮುನಿಸಿಪಾಲಿಟಿಯ ಜವಾನ ಈ ನೋಟೀಸು ಕೊಟ್ಟಾಗ ನಾನು ನಕ್ಕುಬಿಟ್ಟೆ. ಮಹಾರಾಜರ ಸೀಮೆಯಲ್ಲಿ ನ್ಯಾಯಕ್ಕೆ ಬರವೇ? ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ನನಗೆ ವಾದ ಮಾಡಲು ಬಾರದಿದ್ದರೇನು, ಕೈಯಲ್ಲಿ ಕಸುಬಿದೆ!

ನಿಜ ಹೇಳಬೇಕೆಂದರೆ ಒಳಗೊಳಗೇ ಹೆದರಿದ್ದೆ. ನನ್ನ ಹೆಂಡತಿ ಪುಟ್ಟಮ್ಮನಿಗೆ ಮಂಡಿ ನೋವು. ಅವಳು ಕಾಲು ಚಾಚಿ ಕೂರಲೆಂದೇ ಎಂಟು ವರ್ಷದ ಹಿಂದೆ ಆ ಒಂದು ಮೊಳ ಜಾಸ್ತಿ ಕಟ್ಟಿಸಿದ್ದೆ. ಅಲ್ಲೇ ಕೂತು ಗೊಂಬೆಗಳಿಗೆ ಕಣ್ಣು ಬರೆಯುತ್ತಾಳೆ, ಬೀದಿಯವರನ್ನೆಲ್ಲ ಮಾತಾಡಿಸುತ್ತಾಳೆ. ಜಗಲಿ ಹೋದರೆ ಅವಳಿಗೆ ಒಳಗಿನ ಕತ್ತಲೆಯೇ ಗತಿ.

ಮೂರು ದಿನ ಕೂತು ಮರದಲ್ಲಿ ನಮ್ಮ ಮನೆಯನ್ನೇ ಕೆತ್ತಿದೆ. ಬಾಗಿಲು, ಹೆಂಚು, ಜಗಲಿ, ಮೋರಿ, ಜಗಲಿಯ ಮೇಲೆ ಪುಟ್ಟಮ್ಮ! ಅರಗಿನ ಬಣ್ಣ ಫಳಫಳ. ನೋಡಿದ ಕೂಡಲೇ ವಿಚಾರಣೆ ಮಾಡುವ ಅಮಲ್ದಾರರ ಮನಸ್ಸು ಕರಗಬೇಕು.

ಪಕ್ಕದ ಮನೆಯ ಹುಸೇನ್ ಸಾಬನೂ ಗೊಂಬೆಯವನೇ. ನೋಡಿ ಹಣೆ ಚಚ್ಚಿಕೊಂಡ.

"ಲೇ, ಆ ಜಗಲಿನ ಒಸಿ ಚಿಕ್ಕದು ಮಾಡ್ಲಾ!"

"ಅಳತೆ ತಪ್ಪಿಸಾಕೆ ನಾನೇನು ನಿನ್ನೆ ಉಳಿ ಹಿಡಿದೋನಾ?" ಅಂದೆ. ಎಂಥ ಜಂಬ!

ವಿಚಾರಣೆಯಲ್ಲಿ ಅಮಲ್ದಾರರು ನನ್ನ ಮನೆಯನ್ನು ಮೇಜಿನ ಮೇಲಿಟ್ಟು ತಿರುಗಿಸಿ ನೋಡಿದರು. "ಭೇಷ್! ಅಳತೆ ಸರಿಯಾಗಿದೆಯೋ?"

"ಕೂದಲೆಳೆ ಎಚ್ಚುಕಮ್ಮಿ ಇಲ್ಲ ಸ್ವಾಮಿ! ಮೊಳಕ್ಕೆ ಒಂದು ಅಂಗುಲ!"

ಅವರು ಅಡಿಕೋಲು ಇಟ್ಟರು. ಜಗಲಿ ಮೋರಿಯ ಮೇಲೆ ಸರಿಯಾಗಿ ಒಂದು ಅಂಗುಲ ಚಾಚಿತ್ತು. "ಆಪಾದಿತನೇ ರುಜುವಾತು ತಂದಿರುತ್ತಾನೆ, ಬರೆದುಕೊಳ್ಳಿ," ಎಂದರು ಗುಮಾಸ್ತರಿಗೆ.

ನಾನು ಅತ್ತೇಬಿಟ್ಟೆ. "ನಮ್ಮೋಳಿಗೆ ಮಂಡಿ ನೋವು ಸ್ವಾಮಿ. ಕಾಲು ಚಾಚ್ಕೊಳ್ಳಾಕೆ ಒಸಿ ಜಾಗ ಬೇಕು." ಅವರು ಮೆತ್ತಗಾದರು. ದಂಡ ಮಾಫಿ, ಪೂರ್ತಿ ಕೆಡವುವುದು ಬೇಡ, ಮೋರಿಯ ಮೇಲಿನ ಒಂದು ಮೊಳ ಮಾತ್ರ ಕಡಿಯತಕ್ಕದ್ದು ಎಂದು ಹುಕುಂ ಆಯಿತು.

ಕಡಿದ ಮರುದಿನ ಪುಟ್ಟಮ್ಮ ಮೋಟು ಜಗಲಿಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಳು. ನಾನು ಹೋಗಿ ಪಕ್ಕದಲ್ಲಿ ಕೂತೆ.

"ತಪ್ಪಾಯ್ತು ಕಣಮ್ಮಿ. ನಿನ್ನ ಜಾಗವ ನಾನೇ ಕಳೆದ್ಬುಟ್ಟೆ."

ಅವಳು ಕಾಲಾಡಿಸುತ್ತ, "ಇಂಗೆ ಇಳಿಬುಟ್ರೆ ನೋವೇ ಇಲ್ಲ ಕಣ್ರೀ! ಚಾಚಿದ್ರೇನೆ ಮಂಡಿ ಹಿಡ್ಕಳ್ಳಾದು," ಅಂದಳು.

"ಎಂಟು ವರ್ಸ ಯಾಕೆ ಹೇಳ್ನಿಲ್ಲ?"

"ಅಷ್ಟು ಆಸೆಯಿಂದ ಕಟ್ಟಿಸಿದ್ರಿ. ಹೆಂಗೇಳಾದು?"

ಎಂಟು ವರ್ಷದ ಮಂಡಿ ನೋವನ್ನು ಮುನಿಸಿಪಾಲಿಟಿ ಒಂದೇ ಹುಕುಮಿನಲ್ಲಿ ವಾಸಿ ಮಾಡಿತು. ಅದನ್ನು ಪ್ರೀತಿಯಿಂದ ಸಾಕಿ ಬೆಳೆಸಿದವನು ನಾನೇ!