ಮಲ್ಲಿನಾಥನ ಬಿಸಿಲು ಕಾರು

ಮಲಕಮ್ಮನಿಗೆ ಸಂಡಿಗೆ ಒಣಹಾಕಲು ಒಂದು ಒಳ್ಳೆಯ ಜಾಗ ಬೇಕಾಗಿತ್ತು. ಇಷ್ಟೇ ನೋಡಿ, ಎಲ್ಲಕ್ಕೂ ಮೂಲ.

ಅಂಗಳದಲ್ಲಿ ಹಾಕಿದರೆ ಆಡು ಬಿಡುವುದಿಲ್ಲ. ತನ್ನ ಮಣ್ಣಿನ ಮಾಳಿಗೆಯ ಮೇಲೆ ಹಾಕಿದರೆ ಸಂಡಿಗೆಗಿಂತ ಧೂಳೇ ಹೆಚ್ಚು. ಪಕ್ಕದ ಮನೆಯ ಛತ್ತಿನ ಮೇಲೆ ಮಾತ್ರ, ಯಾರೋ ಸಂಡಿಗೆಗೆಂದೇ ಮಾಡಿಸಿಟ್ಟ ಹಾಗೆ, ಸೊಂಟದೆತ್ತರದಲ್ಲಿ ಉದ್ದಕ್ಕೂ ಗಾಜಿನ ಹಲಗೆಗಳು ಬಿಸಿಲಿಗೆ ಮುಖ ಮಾಡಿ ಮಲಗಿದ್ದವು. ಇರುವೆಯಿಲ್ಲ, ಧೂಳಿಲ್ಲ, ಮುಟ್ಟಿದರೆ ಕಾದ ಹೆಂಚು. ಇಂಥ ಜಾಗವನ್ನು ಖಾಲಿ ಬಿಡುವುದು ಪಾಪ ಎಂದು ಮಲಕಮ್ಮನಿಗೆ ಅನ್ನಿಸಿದ್ದರಲ್ಲಿ ತಪ್ಪೇನು?

ಆ ಹಲಗೆಗಳು ಮಲ್ಲಿನಾಥನ ಜೀವ. ರಂಗಂಪೇಟೆಯಲ್ಲಿ ಬೀಜ-ಗೊಬ್ಬರದ ಅಂಗಡಿ ಇಟ್ಟಿದ್ದ ಅವನು ಯುಗಾದಿಗೆ ಮೊದಲು ಒಂದು ಕರೆಂಟಿನ ಕಾರು ತಂದು, ಅದಕ್ಕೆ ಮೇವಾಗಲೆಂದೇ ಛತ್ತಿನ ತುಂಬ ಸೋಲಾರ್ ಹಾಕಿಸಿದ್ದ. ಹಗಲೆಲ್ಲ ಹಲಗೆಗಳು ಬಿಸಿಲು ಕುಡಿಯುತ್ತಿದ್ದವು, ಕೆಳಗೆ ವೈರಿನ ತುದಿ ಕಚ್ಚಿಕೊಂಡು ಕಾರು ಕರುವಿನ ಹಾಗೆ ನಿಂತಿರುತ್ತಿತ್ತು. ಹೊಗೆಯಿಲ್ಲ, ವಾಸನೆಯಿಲ್ಲ. ನಮ್ಮ ಕಡೆ ಬಿಸಿಲೊಂದು ಬಿಟ್ಟರೆ ಇನ್ನೇನಿದೆ ಎಂದು ಹುಟ್ಟಿದಾಗಿನಿಂದ ಬೈಯುತ್ತಿದ್ದ ಓಣಿ, ಅದೇ ಬಿಸಿಲು ಕಾರು ಎಳೆಯುವುದನ್ನು ಬಾಯಿ ಬಿಟ್ಟುಕೊಂಡು ನೋಡಿತ್ತು. ನಿಜ ಹೇಳಬೇಕೆಂದರೆ ನೋಡುವಂಥದ್ದೇ ಆಗಿತ್ತು.

ಒಪ್ಪದೇ ಇದ್ದವನು ಒಬ್ಬನೇ, ಹುಟ್ಟೂರು ಸಗರದಲ್ಲಿ ಹೊಲ-ಮನೆ ನೋಡಿಕೊಂಡಿದ್ದ ಅಣ್ಣ ಅಮರಪ್ಪ. ಇನ್ನೂ ಪಾಲಾಗದ ಮನೆ ಅದು. ಎತ್ತು ತರಬೇಕೆಂದರೂ ಹಿರಿಯ ಹೂಂ ಅನ್ನಬೇಕು. ಆತ ಕಾಲ್ನಡಿಗೆಯಲ್ಲಿ ಶ್ರೀಶೈಲಕ್ಕೆ ಹೋದ ಸಮಯ ನೋಡಿ ತಮ್ಮ ಕಾರು ತಂದಿದ್ದ. ಪಾದದ ತುಂಬ ಬೊಬ್ಬೆ ಹೊತ್ತು ಮರಳಿ ಬಂದ ಅಮರಪ್ಪ ಕಾರಿನ ಸುತ್ತ ಒಂದು ಸುತ್ತು ಹಾಕಿ, ಚಾಲೂ ಮಾಡಿದರೂ ಸದ್ದು ಮಾಡದ ಗಾಡಿ ಬದುಕಿದೆಯೋ ಸತ್ತಿದೆಯೋ ಹೇಗೆ ತಿಳಿಯಬೇಕು ಎಂದು ಕೇಳಿದ್ದ. ಇದನ್ನು ಮಾರಿ, ಸಗರದ ಹಳೆಯ ಡೀಸೆಲ್ ಜೀಪನ್ನೇ ಅಂಗಡಿಗೆ ಇಟ್ಟುಕೋ ಎನ್ನುವುದು ಆತನ ತೀರ್ಮಾನ. ಆ ಜೀಪಿನ ಹೆಸರು ಕೇಳಿದರೆ ಮಲ್ಲಿನಾಥನಿಗೆ ಸೊಂಟ ಹಿಡಿಯುತ್ತಿತ್ತು.

ಕಡೆಗೆ ಒಂದು ಕರಾರಾಯಿತು. ಯಾದಗಿರಿಯಲ್ಲಿ ತಂಗಿ ಗುರುದೇವಿಯ ಹೊಸ ಮನೆಯ ಪ್ರವೇಶ. ಮನೆಮಂದಿ ಸಗರದಿಂದ ಜೀಪಿನಲ್ಲಿ ಬರುವುದು, ಅಣ್ಣ-ತಮ್ಮ ಇಬ್ಬರೇ ರಂಗಂಪೇಟೆಯಿಂದ ಈ ಕಾರಿನಲ್ಲಿ ಹೋಗುವುದು. ಬಿಸಿಲಿನಲ್ಲೇ ಓಡುತ್ತದೆ ಎಂದು ಊರೆಲ್ಲ ಹೇಳಿಕೊಂಡು ಬಂದವನು ಕಂಬದ ಕರೆಂಟು ಮುಟ್ಟುವ ಹಾಗಿಲ್ಲ.

“ಹಾದ್ಯಾಗ ಉಸುರು ಬಿಡ್ತಂದ್ರ ಅಲ್ಲೇ ಮಾರಿಬಿಡೋದು, ತಮ್ಮ,” ಎಂದಿದ್ದ ಅಮರಪ್ಪ. “ಯಾದಗಿರಿ ಮುಟ್ಟಿತಂದ್ರ ನಾ ಮುಂದ ಮಾತಾಡಂಗಿಲ್ಲ.”

ಹೊರಡುವ ದಿನ ಬೆಳಿಗ್ಗೆ ಮಲ್ಲಿನಾಥ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಕಾರಿನಲ್ಲಿ ಕೂತು ಗುಂಡಿ ಒತ್ತಿದ. ಪರದೆಯ ಮೇಲಿನ ಬ್ಯಾಟರಿಯ ಚಿತ್ರ ಉಪವಾಸದ ಹೊಟ್ಟೆಯ ಹಾಗೆ ಬೆನ್ನಿಗೆ ಹತ್ತಿತ್ತು. ಕಾಗೆಯೂ ನೆರಳು ಹುಡುಕುವಂಥ ಬಿಸಿಲು ಬಿದ್ದಿದ್ದು ಎಲ್ಲಿಗೆ ಹೋಯಿತು ಎಂದು ಎರಡೆರಡು ಮೆಟ್ಟಿಲು ಹಾರಿ ಛತ್ತಿಗೆ ಓಡಿದ.

ಬಿಸಿಲು ಎಲ್ಲಿಗೂ ಹೋಗಿರಲಿಲ್ಲ. ಹಲಗೆಗಳ ಮೇಲೆ ಹಳೆಯ ಸೀರೆಗಳು ಹರಡಿದ್ದವು. ಸೀರೆಗಳ ಮೇಲೆ ಸಂಡಿಗೆ, ಸಂಡಿಗೆಯ ಪಕ್ಕ ಹಪ್ಪಳ, ಹಪ್ಪಳದ ಆಚೆ ಉಪ್ಪಿನಕಾಯಿಯ ಮಾವಿನ ಹೋಳು. ಮಾವಿನ ಹೋಳಿನ ಕಡೆ ಎದುರುಮನೆಯ ಖುರ್ಷೀದಬೇಗಂ ಕೋಲು ಹಿಡಿದು ಕಾಗೆ ಕಾಯುತ್ತಿದ್ದಳು.

“ಏನ್ ಛಲೋ ಗಾಜು ಮಾಡಸೀಯಪ್ಪ ಮಲ್ಲಿನಾಥ,” ಎಂದಳು ಮಲಕಮ್ಮ, ಕಣ್ಣಲ್ಲಿ ನೀರು ಬರುವುದೊಂದು ಬಾಕಿ. “ನಿನ್ನಿ ಮೊನ್ನಿ ಹಾಕಿದ್ದು ಕಟಕಟ ಒಣಗ್ಯಾವ. ನನ್ನ ಜಲ್ಮದಾಗ ಇಂಥಾ ಸಂಡಿಗಿ ಆಗಿದ್ದಿಲ್ಲ.”

“ಆಯಿ, ಇದು ಕಾರಿಗೆ ಬಿಸಿಲು ಕುಡಸೋ ಗಾಜುರಿ.”

ಮಲಕಮ್ಮ ಕೆಳಗೆ ಬಗ್ಗಿ ನೋಡಿದಳು. “ಕಾರು ಬಿಸಿಲಾಗೇ ನಿಂತಾದಲ್ಲೋ. ಅದಕ್ಕೇನ್ ಕಡಿಮಿ ಆಗ್ಯಾದ?”

ಬಿಸಿಲು ಖತಂ ಆಗುವ ಸಾಮಾನಲ್ಲ, ನಾಳೆ ಮತ್ತೆ ಬರುತ್ತದೆ, ಭಾಯಿ ಫಿಕರ್ ಮಾಡಬಾರದು ಎಂದು ಖುರ್ಷೀದಬೇಗಂ ಸಮಾಧಾನ ಹೇಳಿದಳು. ಹೆಂಡತಿ ಶಾಂಭವಿಯೇ ಪರವಾನಗಿ ಕೊಟ್ಟಿದ್ದಾಳೆ ಎನ್ನುವುದೂ ಗೊತ್ತಾಯಿತು. ಕೂಗಾಡೋಣವೆಂದರೆ ಹಿಂದಿನ ರಾತ್ರಿಯೇ ಬಂದಿದ್ದ ಅಮರಪ್ಪ ಕೆಳಗೆ ಚಪ್ಪಲಿ ಮೆಟ್ಟುತ್ತಿದ್ದ. ಕೂಗಿದರೆ ಬ್ಯಾಟರಿ ಖಾಲಿ ಇರುವುದು ತಿಳಿಯುತ್ತದೆ, ತಿಳಿದರೆ ಕಾರು ಹೋದಂತೆಯೇ. ಮಲ್ಲಿನಾಥ ಹಲ್ಲು ಕಚ್ಚಿಕೊಂಡು ನಕ್ಕ. ಪಾಪ, ಜಾಗದ ಉಪಕಾರಕ್ಕೆಂದು ಮಲಕಮ್ಮ ಒಂದು ಚೀಲ ಸಂಡಿಗೆಯನ್ನೂ ಕೈಗೆ ಹಿಡಿಸಿದಳು. ಅವನ ಕಾರಿನ ಎರಡು ದಿನದ ಊಟ ಆ ಚೀಲದಲ್ಲಿತ್ತು.

ಕಾರು ಹೊರಟಿತು. ಮೊದಲು ಏಸಿಗೆ ಕತ್ತರಿ ಬಿತ್ತು. ಏಸಿಯ ಗಾಳಿಗೆ ಕೀಲು ಹಿಡಿಯುತ್ತದೆ, ನಡೆದು ದಣಿದ ಕಾಲಿಗೆ ಅದು ಒಳ್ಳೆಯದಲ್ಲ ಎಂದು ಮಲ್ಲಿನಾಥ ಕಿಟಕಿ ಇಳಿಸಿದ. ತನ್ನ ಕಾಲಿನ ಬಗ್ಗೆ ತಮ್ಮನಿಗೆ ಇಷ್ಟು ಕಾಳಜಿ ಇದೆ ಎಂದು ಅಮರಪ್ಪನಿಗೆ ಗೊತ್ತೇ ಇರಲಿಲ್ಲ. ಆತ ಅಡ್ಡ ತಿರುಗಿ ತಮ್ಮನನ್ನು ಒಮ್ಮೆ ನೋಡಿದ.

ಆಮೇಲೆ ವೇಗಕ್ಕೆ ಕತ್ತರಿ. ಜೋರಾಗಿ ಓಡಿಸಿದರೆ ಬ್ಯಾಟರಿ ಗಟಗಟ ಇಳಿಯುತ್ತದೆ, ಮೆತ್ತಗೆ ಹೋದರೆ ಗುಟುಕು ಗುಟುಕಾಗಿ. ಮಲ್ಲಿನಾಥ ಹೊಸ ಸೊಸೆ ತುಂಬಿದ ಕೊಡ ಹೊತ್ತು ನಡೆದ ಹಾಗೆ ಕಾರು ನಡೆಸಿದ. ಹೊಟ್ಟಿನ ಟ್ರ್ಯಾಕ್ಟರು ದಾಟಿ ಹೋಯಿತು. ಟಂಟಂ ಆಟೋ ದಾಟಿ ಹೋಯಿತು. ಹಾಲಿನ ಕ್ಯಾನು ಕಟ್ಟಿದ ಸೈಕಲ್ಲಿನವನು ಕೆಲಹೊತ್ತು ಪಕ್ಕದಲ್ಲೇ ಬಂದು, ಯಾರ ಮನೆಯಲ್ಲಿ ಸಾವಾಗಿದೆ ಎಂದು ಮೆಲ್ಲಗೆ ವಿಚಾರಿಸಿ, ಅವನೂ ಮುಂದೆ ಹೋದ.

“ಯಾಕೋ, ಇಷ್ಟ್ ಸಾವಕಾಶ?”

“ಕಾಲುವಿ ಕೆಳಗ ನೆಲ್ಲು ಛಲೋ ಬಂದಾದಂತ ಅಣ್ಣ. ಜರಾ ನೋಡ್ಕೋತ ಹೋಗೋಣಂತ.”

ಅಮರಪ್ಪ ಕಿಟಕಿಯಾಚೆ ನೋಡಿದ. ಪ್ರಾಯದಿಂದಲೂ ತಿರುಗಿದ ದಾರಿ ಅದು, ಆದರೆ ಜೀಪಿನ ಕುಲುಕಾಟದಲ್ಲಿ ಕಂಬಿ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದವನು ಒಮ್ಮೆಯೂ ನೋಡಿರಲಿಲ್ಲ. ಕೊಕ್ಕರೆ ನೋಡಿದ, ತೂಬು ನೋಡಿದ, ಯಾರ ಗದ್ದೆಗೆ ಯಾವ ರೋಗ ಬಿದ್ದಿದೆ ಎಂದು ಕೂತಲ್ಲೇ ಹೇಳಿದ. ಸದ್ದಿಲ್ಲದ ಕಾರಿನಲ್ಲಿ ಮಾತೂ ಕೇಳುತ್ತಿತ್ತು, ಹಕ್ಕಿಯೂ ಕೇಳುತ್ತಿತ್ತು. ಅಣ್ಣ-ತಮ್ಮ ಅಷ್ಟು ಮಾತಾಡಿ ಎಷ್ಟು ಕಾಲವಾಗಿತ್ತೋ. ಶಹಾಪುರದ ಮಲಗಿದ ಬುದ್ಧನ ಗುಡ್ಡ ಎದುರಾಗುವ ಹೊತ್ತಿಗೆ ಅಮರಪ್ಪನೂ ಗುಡ್ಡದ ಹಾಗೇ ಅಂಗಾತ ಒರಗಿ ನಿದ್ದೆ ಹೋಗಿದ್ದ.

ಊರು ದಾಟಿದ್ದೇ ತಡ, ಪರದೆ ಕೆಂಪಾಯಿತು. ಅದರ ಮೇಲೆ ಒಂದು ಆಮೆಯ ಚಿತ್ರ ಮೂಡಿತು. ಇನ್ನು ನನ್ನ ಕೈಲಾಗದು ಎಂದು ಕಾರು ಹೇಳುವ ಭಾಷೆ ಅದು. ಆಗಲೇ ಅಮರಪ್ಪನಿಗೆ ಎಚ್ಚರವಾಗಬೇಕೆ? ಇದೇನು ಆಮೆ ಎಂದು ಕೇಳಿದ.

“ಈಶ್ವರನ ಗುಡಿ ಮುಂದ ಆಮಿ ಇರಂಗಿಲ್ಲೇನಣ್ಣ, ಹಂಗ,” ಎಂದ ಮಲ್ಲಿನಾಥ, ಬೆವರು ಒರೆಸಿಕೊಳ್ಳುತ್ತ.

ಅಮರಪ್ಪ ಆಮೆಗೆ ಕೈ ಮುಗಿದ. ಮಲ್ಲಿನಾಥ ಮನಸ್ಸಿನಲ್ಲೇ ಕೈ ಮುಗಿದ. ಅಷ್ಟರಲ್ಲಿ ದಾರಿಯ ಪಕ್ಕ, ಬಿಸಿಲಿನಲ್ಲಿ ಮಿಂಚುತ್ತ, ಅವನ ಛತ್ತಿನ ಮೇಲಿದ್ದಂಥವೇ ಹಲಗೆಗಳು ಕಂಡವು. ಅವನ ಅಂಗಡಿಯ ಗಿರಾಕಿ ಮರಿಲಿಂಗಪ್ಪನ ಹೊಲ. ಬಿಸಿಲಿನ ಪಂಪು ಬೋರಿನಿಂದ ನೀರನ್ನು ಆನೆಯ ಸೊಂಡಿಲಿನಷ್ಟು ದಪ್ಪಗೆ ಎತ್ತಿ ಸುರಿಯುತ್ತಿತ್ತು. ಮಜ್ಜಿಗೆಗೆ ಕರೆದಿದ್ದಾನೆ, ಹೋಗದಿದ್ದರೆ ಬೇಜಾರಾಗುತ್ತಾನೆ ಎಂದು ಅಣ್ಣನಿಗೆ ಹೇಳಿ ಮಲ್ಲಿನಾಥ ಕಾರನ್ನು ಹೊಲಕ್ಕೆ ತಿರುಗಿಸಿದ. ಆಮೆ ತೆವಳಿಕೊಂಡು ಪಂಪಿನ ಹತ್ತಿರ ಹೋಗಿ ನಿಂತಿತು.

ಮರಿಲಿಂಗಪ್ಪ ಯಾರನ್ನೂ ಕರೆದಿರಲಿಲ್ಲ. ಆದರೂ ಬಂದವರನ್ನು ನೋಡಿ, ಕರೆದವನ ಹಾಗೇ ಬೇವಿನ ಮರದ ಕೆಳಗೆ ಕಂಬಳಿ ಹಾಸಿದ. ಮಲ್ಲಿನಾಥ ಅವನನ್ನು ಹಲಗೆಗಳ ಹಿಂದೆ ಕರೆದೊಯ್ದು ಕಿವಿಯಲ್ಲಿ ಎಲ್ಲ ಊದಿದ. ಪಂಪಿನ ಪೆಟ್ಟಿಗೆಯಲ್ಲಿ ಮೇವು ಕತ್ತರಿಸುವ ಮಶೀನಿಗೆಂದು ಇನ್ನೊಂದು ಪ್ಲಗ್ಗು ಇತ್ತು. ಪಂಪು ನಿಲ್ಲಿಸಿದರೆ ಅದರಲ್ಲಿ ಕಾರಿಗೆ ಕರೆಂಟು ಕೊಡಬಹುದು.

“ಬಿಸಿಲೇನ್ ನಮ್ಮಪ್ಪನ ಮನೀದೇನ್ರಿ, ಕುಡೀಲಿ ಬಿಡ್ರಿ,” ಎಂದ ಮರಿಲಿಂಗಪ್ಪ. “ಬೆಳಿ ಆಮ್ಯಾಲ ಕುಡೀತದ.”

ನೀರು ನಿಂತಿತು, ಕಾರು ಕುಡಿಯಲು ಹತ್ತಿತು. ಎಂಥ ಚೆಂದ ನೋಡಿ. ಮೇಲೊಬ್ಬ ಸೂರ್ಯ, ಕೆಳಗೆ ನಾಲ್ಕು ಗಾಜಿನ ಸಾಲು. ಬೆಳೆಗೂ ಅವನೇ, ದನದ ಮೇವಿಗೂ ಅವನೇ, ಈಗ ಬೀಜದಂಗಡಿಯವನ ಮಾನಕ್ಕೂ ಅವನೇ. ಅಮರಪ್ಪ ಮಾತ್ರ ಮಜ್ಜಿಗೆಯ ತಂಬಿಗೆ ಹಿಡಿದುಕೊಂಡು ವೈರನ್ನೇ ನೋಡುತ್ತಿದ್ದ.

“ಕಾರು ಯಾಕ ನಿಂತಾದ, ತಮ್ಮ? ಕರಾರು ನೆಪ್ಪದ ಇಲ್ಲ?”

ಸುಳ್ಳು ಹೇಳಿ ಹೇಳಿ ಮಲ್ಲಿನಾಥನ ಸ್ವಂತ ಬ್ಯಾಟರಿಯೂ ಇಳಿದಿತ್ತು. ಆದರೂ ಒಂದು ಹೊಳೆಯಿತು. “ನಿಂತಿಲ್ಲಣ್ಣ, ಕೊಳ್ಳು ಹರದೀನಿ, ನೊಗ ಇಳಿಸಿದಂಗ. ನೀ ನಡು ಮಧ್ಯಾನದಾಗ ಎತ್ತು ಹೊಡೀತೀಯೇನು? ಇದೂ ಹಂಗ. ಈ ಹೊತ್ತಿಗೆ ನೆಳ್ಳಾಗ ನಿಂದ್ರಿಸಿ ಮೇವು ಹಾಕಬೇಕು.”

ಕಾರು ನೆರಳಲ್ಲಿರಲಿಲ್ಲ. ಅದನ್ನು ಅಮರಪ್ಪ ಗಮನಿಸಲಿಲ್ಲ. ಆತ ತಂಬಿಗೆ ಕೆಳಗಿಟ್ಟು ಕಾರನ್ನು ನೋಡಿದ. ಮಧ್ಯಾಹ್ನದಲ್ಲಿ ಎತ್ತು ದುಡಿಸುವವರನ್ನು ಕಂಡರೆ ಆಗದ ಮನುಷ್ಯ. ಆಮೇಲೆ ಎದ್ದುಹೋಗಿ, ಕಾರಿನ ಬೆನ್ನ ಮೇಲೆ ಎರಡು ಬಾರಿ ಮೆಲ್ಲಗೆ ತಟ್ಟಿ ಬಂದ. ರೊಟ್ಟಿ ಉಂಡು, ಕಂಬಳಿಯ ಮೇಲೆ ಉರುಳಿ, ಕಾರಿನ ಜೊತೆಗೆ ತಾನೂ ವಿಶ್ರಾಂತಿ ತೆಗೆದುಕೊಂಡ.

ಬಿಸಿಲು ಇಳಿಯುವ ಹೊತ್ತಿಗೆ ಕಾರು ಯಾದಗಿರಿ ಮುಟ್ಟಿತು. ಕಂಬದ ಕರೆಂಟು ಒಂದು ಹನಿಯೂ ಮುಟ್ಟಿರಲಿಲ್ಲ. ಗುರುದೇವಿಯ ಹೊಸ ಮನೆಯ ಮುಂದೆ, ಮಾವಿನ ತೋರಣದ ಕೆಳಗೆ, ಸಗರದ ಜೀಪು ಆಗಲೇ ಬಂದು ನಿಂತಿತ್ತು. ಮಲ್ಲಿನಾಥ ಅದರ ಮುಂದಿನಿಂದ, ಲಗ್ನದ ಕುದುರೆ ಏರಿದವನ ಹಾಗೆ ಕಾರು ತಂದು ನಿಲ್ಲಿಸಿದ. ಗೆದ್ದಿದ್ದ.

ಅಮರಪ್ಪ ಇಳಿದು, ನೆಂಟರೆಲ್ಲ ಕೇಳುವ ಹಾಗೆ ಕಾರನ್ನು ಹೊಗಳಿದ. ಕೀಲು ಹಿಡಿಯದಷ್ಟೇ ಗಾಳಿ ಬಿಡುವ ಗಾಡಿ. ಬೆಳೆ ನೋಡಲು ಬಿಡುವ ಗಾಡಿ. ನಿದ್ದೆ ಬರಿಸುವ ಗಾಡಿ. ಎಲ್ಲಕ್ಕಿಂತ ಹೆಚ್ಚಾಗಿ, ಮಧ್ಯಾಹ್ನವಾಯಿತೆಂದರೆ ತಾನೇ ಕೊಳ್ಳು ಹರಿಸಿಕೊಂಡು ಯಜಮಾನನನ್ನೂ ಮಲಗಿಸುವ, ಬುದ್ಧಿ ಇರುವ ಗಾಡಿ. ಇಷ್ಟು ದಿನ ತಾನು ತಿಳಿಯದೆ ಮಾತಾಡಿದ್ದೆ ಎಂದು ಎಲ್ಲರೆದುರು ಒಪ್ಪಿಕೊಂಡ. ಮಲ್ಲಿನಾಥನ ಕಣ್ಣು ತುಂಬಿ ಬಂತು.

“ಇದು ನನ್ನಂಥಾ ವಯಸ್ಸಾದವ್ರ ಗಾಡಿ, ತಮ್ಮ,” ಎಂದು ಅಮರಪ್ಪ ಕೈ ಚಾಚಿದ. “ನಿನಗ ಅಂಗಡಿಗೆ ಜಲ್ದಿ ಜಲ್ದಿ ತಿರಗೋದು ಇರ್ತದ, ಈ ಸಾವಕಾಶ ನಡಿಗಿ ನಿನಗ ಆಗಿಬರಂಗಿಲ್ಲ. ಕೀಲಿ ತಾ. ನೀ ಜೀಪ್ ಇಟ್ಕೊ.”

ಮಲ್ಲಿನಾಥ ಬಾಯಿ ತೆರೆದ. ಅಣ್ಣ, ಇದು ಗಾಳಿಯ ಹಾಗೆ ಓಡುವ ಕಾರು, ಅದಕ್ಕೆ ಮಧ್ಯಾಹ್ನ-ಗಿಧ್ಯಾಹ್ನ ಏನೂ ಬೇಕಿಲ್ಲ, ಬ್ಯಾಟರಿ ಖಾಲಿಯಾಗಿ ಹಾದಿಯಲ್ಲಿ ನಿಲ್ಲುತ್ತಿತ್ತು ಎಂದು ನಾನು ಆಡಿದ ಆಟ ಎಲ್ಲ, ಎಂದು ಹೇಳಬೇಕು. ಹೇಳಿದರೆ ಕರಾರಿನ ಪ್ರಕಾರ ಕಾರು ಇಲ್ಲೇ ಮಾರಾಟ. ಹೇಳದಿದ್ದರೆ ಕಾರು ಸಗರಕ್ಕೆ. ತೆರೆದ ಬಾಯಿಗೆ ಗುರುದೇವಿ ಒಂದು ಹೋಳಿಗೆ ತುರುಕಿದಳು. ಅವನು ಅದನ್ನು ನುಂಗಿ ಕೀಲಿ ಕೊಟ್ಟ.

“ಆ ಛತ್ತಿನ ಮ್ಯಾಲಿನ ಗಾಜೂ ಸಗರಕ್ಕ ಕಳಸು,” ಎಂದ ಅಮರಪ್ಪ. “ಬಿಸಿಲು ಮಾತ್ರ ಅಲ್ಲೇ ಇರ್ಲಿ, ನಮ್ಮಲ್ಲಿ ಅದ.”

ಅಣ್ಣನಿಗೆ ಆ ರಾತ್ರಿ ತಂಗಿಯ ಮನೆಯಲ್ಲೇ ವಸ್ತಿ. ಬೆಳಿಗ್ಗೆ ಅಮರಪ್ಪನ ಮಗ ಬಸವಕುಮಾರ ಕಾರು ನಡೆಸುವುದು, ಮಧ್ಯಾಹ್ನ ಮರಿಲಿಂಗಪ್ಪನ ಹೊಲದಲ್ಲಿ ಕೊಳ್ಳು ಹರಿಯುವುದು ಎಂದೂ ನಿಕ್ಕಿಯಾಯಿತು. ಅಂಗಡಿ ತೆಗೆಯಬೇಕಾದ ಮಲ್ಲಿನಾಥ ಮಾತ್ರ ಅವತ್ತೇ ಹೊರಡಬೇಕು. ಜೀಪು ಹತ್ತಿ ಕೀಲಿ ತಿರುಗಿಸಿದ. ಅದು ಮುದುಕ ಖ್ಯಾಕರಿಸಿದ ಹಾಗೆ ಎರಡು ಬಾರಿ ಸದ್ದು ಮಾಡಿ ಸುಮ್ಮನಾಯಿತು.

ಬಸವಕುಮಾರ ತಲೆ ಕೆರೆದುಕೊಳ್ಳುತ್ತ ಬಂದ. “ಕಾಕಾ, ಡೀಸೆಲ್ ಬರೋಮುಂದೇ ಮುಗದದ. ಹೆಂಗೋ ಇಲ್ಲೀತನಕ ಉಸುರು ಹಿಡ್ಕೊಂಡು ತಂದೀನಿ. ಬಂಕಿನ ತನಕ ನೂಕಬೇಕಾಗ್ತದ.”

ಯಾದಗಿರಿಯ ನಡುಬೀದಿಯಲ್ಲಿ, ಹೊಟ್ಟೆಯ ತುಂಬ ಹೋಳಿಗೆ ಹೊತ್ತುಕೊಂಡು, ಮಲ್ಲಿನಾಥ ಜೀಪು ನೂಕಲು ಹತ್ತಿದ. ಸ್ವಲ್ಪ ದೂರ ಹೋಗಿರಬೇಕು, ಪಕ್ಕದಲ್ಲಿ ಏನೋ ನುಸುಳಿದಂತಾಗಿ ತಿರುಗಿ ನೋಡಿದ. ಬಸವಕುಮಾರನ ಕೈ ಪಳಗಲೆಂದು ಒಂದು ಸುತ್ತು ಹೊರಟ ಕಾರು, ಒಂದಿಷ್ಟೂ ಸದ್ದಿಲ್ಲದೆ, ಅವನ ಸಮಕ್ಕೆ ಬಂದು ಅವನದೇ ನಡಿಗೆಯಲ್ಲಿ ಸಾಗುತ್ತಿತ್ತು. ಮುಂದಿನ ಸೀಟಿನಲ್ಲಿ ಒರಗಿದ್ದ ಅಮರಪ್ಪ ಕಿಟಕಿಯಿಂದ ತಲೆ ಹೊರಹಾಕಿ, ತಮ್ಮನನ್ನು ಕನಿಕರದಿಂದ ನೋಡಿದ.

“ಅದಕ್ಕೇ ನೋಡು ತಮ್ಮ, ಡೀಸೆಲ್ ಗಾಡಿ ನಂಬಬಾರದು,” ಎಂದ. “ಹಾದ್ಯಾಗ ಉಸುರು ಬಿಡ್ತಾವ.”