ಅತ್ತೆಯ ರೊಟ್ಟಿ ಮ್ಯೂಸಿಯಂ

ನಮ್ಮ ಸೋದರತ್ತೆಯ ಮನೆಗೆ ಯಾರೂ ಹಸಿದು ಹೋಗಬಾರದು. ಆ ಮನೆಯಲ್ಲಿ ಊಟಕ್ಕೆ ಬರ ಅಂತಲ್ಲ! ಪಡಸಾಲೆಯ ಗೋಡೆಯ ತುಂಬ ಎಂಬತ್ತೇಳು ಜೋಳದ ರೊಟ್ಟಿಗಳು ಸಾಲುಸಾಲಾಗಿ ನೇತಾಡುತ್ತಿವೆ. ಒಂದನ್ನು ಮುಟ್ಟಿದರೂ ಆಕೆ ಬಂದವರ ಜನ್ಮ ಜಾಲಾಡುತ್ತಾಳೆ. ಪ್ರತಿ ರೊಟ್ಟಿಯ ಕೆಳಗೆ ಸೀಮೆಸುಣ್ಣದಲ್ಲಿ ಅದನ್ನು ಬಡಿದವಳ ಹೆಸರು. ರಾಜರ ಕತ್ತಿಗೆ, ರಾಣಿಯರ ಸರಕ್ಕೆ ಮ್ಯೂಸಿಯಂ ಇರುವುದನ್ನು ನೀವು ಕೇಳಿದ್ದೀರಿ. ಹೆಂಗಸರ ಅಂಗೈಗೊಂದು ಮ್ಯೂಸಿಯಂ ಇರುವುದು, ನನಗೆ ಗೊತ್ತಿರುವ ಮಟ್ಟಿಗೆ, ಜೇವರ್ಗಿ ಕಡೆಯ ಇಜೇರಿಯಲ್ಲಿ ಮಾತ್ರ. ಟಿಕೆಟ್ ಇಲ್ಲ. ಚಪ್ಪಲಿ ಹೊರಗೆ ಬಿಡಬೇಕು, ಹಸಿವನ್ನೂ ಅಲ್ಲೇ ಬಿಡಬೇಕು.

ಇದಕ್ಕೆಲ್ಲ ಮೂಲ ಕಾರಣ ಆಕೆಯ ಗಂಡ, ಅಂದರೆ ನಮ್ಮ ಮಾಮಾ. ಮಧ್ಯಾಹ್ನ ಪ್ರವಚನ ಕೇಳಿಕೊಂಡಿರಲಿ ಎಂದು ಪಾಪ, ಹೆಂಡತಿಗೊಂದು ದೊಡ್ಡ ಫೋನ್ ತಂದುಕೊಟ್ಟರು. ಅತ್ತೆ ಎರಡು ದಿನ ಪ್ರವಚನ ಕೇಳಿದಳು. ಮೂರನೆಯ ದಿನ ಬೆರಳು ಎಲ್ಲಿ ತಾಗಿತೋ ಏನೋ, ಫೋನು ಆಕೆಯನ್ನು ಎತ್ತಿಕೊಂಡು ಪರದೇಶಕ್ಕೆ ಹೋಯಿತು! ಅಲ್ಲೊಂದು ಊರಲ್ಲಿ ಮನೆಯನ್ನೇ ತಲೆಕೆಳಗಾಗಿ ಕಟ್ಟಿದ್ದಾರೆ. ಮಂಚ, ಕುರ್ಚಿ ಎಲ್ಲ ಛಾವಣಿಗೆ. ಇನ್ನೊಂದು ಊರಲ್ಲಿ ಗಿಡದ ತುಂಬ ಹಳೆಯ ಬೂಟುಗಳು. ಮತ್ತೊಂದು ಕಡೆ ನೆಲಮಾಳಿಗೆಯ ತುಂಬ ಹೆಂಗಸರ ಕೂದಲು, ಒಂದೊಂದು ಜಡೆತುಂಡಿಗೂ ಹೆಸರಿನ ಚೀಟಿ. ಇನ್ನೆಲ್ಲೋ ಬೇಲಿಯುದ್ದಕ್ಕೂ ಹೆಂಗಸರ ಒಳಉಡುಪು ತೂಗುಹಾಕಿದ್ದಾರಂತೆ! ಅದನ್ನು ಕಂಡ ಕೂಡಲೇ ಅತ್ತೆ ಶಿವಶಿವಾ ಎಂದು ಫೋನನ್ನು ಬೋರಲು ಹಾಕಿದಳು. ಮಾಮಾ ಹೊಲಕ್ಕೆ ಹೋದ ಮೇಲೆ ಮತ್ತೆ ತೆಗೆದು ಪೂರ್ತಿ ನೋಡಿದಳು. ಇದನ್ನು ಆಕೆಯೇ ನನಗೆ ಹೇಳಿದ್ದು.

ಆದರೆ ಆಕೆಯ ತಲೆ ಕೆಡಿಸಿದ್ದು ಬಬಲ್ ಗಮ್ ಗೋಡೆ. ಜನ ಅಗಿದ ಗಮ್ಮನ್ನು ಒಂದು ಗೋಡೆಗೆ ಅಂಟಿಸುತ್ತ ಹೋಗಿದ್ದಾರೆ, ಅದನ್ನು ನೋಡಲು ಜಗತ್ತೇ ಸಾಲು ನಿಲ್ಲುತ್ತದೆ. ನಾನು ಅಫಜಲಪುರದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಪಾಠದ ನಡುವೆ ಅತ್ತೆಯ ಫೋನು.

"ಬೇ, ಬಾಯಾಗಿಂದು ತೆಗದು ಗ್ವಾಡಿಗಿ ಹಚ್ಚಿದ್ದು ನೋಡಾಕ ದುನಿಯಾ ಬರ್ತದಂದ್ರ, ಬಾಯಾಗ ಹೋಗೂ ರೊಟ್ಟಿ ಏನ ಪಾಪ ಮಾಡ್ಯಾದ?"

"ಅತ್ತೀ, ಕ್ಲಾಸಿನ್ಯಾಗ ಇದ್ದೇನಿ."

"ಇರು. ನಾನೂ ಇಲ್ಲಿ ಗ್ವಾಡಿ ಖಾಲಿ ಮಾಡಾಕತ್ತೇನಿ."

ಗೋಡೆ ಖಾಲಿ ಮಾಡುವುದೆಂದರೆ ಮಾಮಾ ಅವರ ಕಡೆಯ ಹಿರಿಯರ ಫೋಟೋಗಳನ್ನೆಲ್ಲ ಕೆಳಗಿಳಿಸುವುದು! ಮಾಮಾ ತಕರಾರು ತೆಗೆದರು. ಅನ್ನವನ್ನು ಗೋಡೆಗೆ ನೇತುಹಾಕುವುದು ಪಾಪ, ಪ್ರಸಾದ ಅಂದರೆ ತಿನ್ನುವುದಕ್ಕೆ ಎಂದರು. ಅತ್ತೆ ಕೇಳಿದಳೆ? ನಮ್ಮ ವಂಶದಲ್ಲಿ ಜಿದ್ದು ಗಂಡಸರಿಗೆ ಅರ್ಧ ಸೇರು ಬಂದಿದ್ದರೆ ಹೆಂಗಸರಿಗೆ ಎರಡು ಸೇರು ಬಂದಿದೆ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಕಡೆ ರೊಟ್ಟಿ ನೋಡಿದ ಕೂಡಲೇ ಇದು ಯಾರ ಕೈಯದು ಎಂದು ಹೇಳುವ ಹೆಂಗಸರಿದ್ದಾರೆ. ಅಂಚಿನಲ್ಲಿ ಬೆರಳು ಬಿದ್ದ ರೀತಿ, ನಡುವಿನ ದಪ್ಪ, ನೀರು ಸವರಿದ ಗುರುತು, ಇವೆಲ್ಲ ಅವರಿಗೆ ಕೈಬರಹವಿದ್ದಂತೆ. ಈ ವಿದ್ಯೆಯಲ್ಲಿ ಅತ್ತೆ ಪಾಸಾದವಳಲ್ಲ, ಪರೀಕ್ಷೆ ಮಾಡುವವಳು! "ಈಕಿಗಿ ಸಿಟ್ಟು ಜಾಸ್ತಿ, ನಡುಮಧ್ಯೆ ಬಡದಾಳ." "ಈಕಿ ರೊಟ್ಟಿ ಬಡ್ಯೂವಾಗ ಫೋನಿನ್ಯಾಗ ಮಾತಾಡ್ಯಾಳ, ಅರ್ಧಕ್ಕ ಕೈ ತಪ್ಪ್ಯಾದ." ಒಂದು ಮನೆಯಲ್ಲಿ ಹೊಸ ಸೊಸೆ ಬಡಿದದ್ದೆಂದು ಕೊಟ್ಟ ರೊಟ್ಟಿಯನ್ನು ತಿರುಗಿಸಿ ನೋಡಿ, "ಇದು ಅತ್ತೀದೇ ಕೈ. ಸೊಸಿ ಇನ್ನೂ ಎದ್ದಿಲ್ಲೇನು?" ಎಂದುಬಿಟ್ಟಳು. ಆ ಮನೆಯಲ್ಲಿ ವಾರಗಟ್ಟಲೆ ಮುಖ ಸಿಂಡರಿಸಿಕೊಂಡಿದ್ದರೆಂದು ಕೇಳಿದೆ.

ರೊಟ್ಟಿ ಸಂಗ್ರಹಕ್ಕೆ ಅತ್ತೆ ಹೊರಟದ್ದು ಹೆಗಲಿಗೊಂದು ಬಿಳಿ ಬಟ್ಟೆಯ ಜೋಳಿಗೆ ಹಾಕಿಕೊಂಡು. ಹೆಣ್ಣುಮಕ್ಕಳಿಗೆ ಬಸ್ಸು ಬೇರೆ ಫ್ರೀ! ಜೇವರ್ಗಿ ಮುಗಿಸಿದಳು, ಆಳಂದದ ಬೀಗರ ಓಣಿ ಮುಗಿಸಿದಳು, ಘತ್ತರಗಿಯಲ್ಲಿ ಭೀಮಾ ನದಿಯ ದಂಡೆಗೆ ಮೂರು ಕಲ್ಲು ಹೂಡಿ ರೊಟ್ಟಿ ಬಡಿಯುತ್ತಿದ್ದ, ದೇವಿಯ ದರ್ಶನಕ್ಕೆ ಬಂದ ಯಾರೋ ಭಕ್ತೆಯಿಂದಲೂ ಒಂದು ಇಸಿದುಕೊಂಡಳು. ಆದರೆ ಬಿಳಿ ಜೋಳಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತು ರೊಟ್ಟಿ ಕೇಳಿದರೆ ನಮ್ಮ ಕಡೆ ಜನ ಏನೆಂದುಕೊಳ್ಳುತ್ತಾರೆ? ಮಠದ ದಾಸೋಹಕ್ಕೆ ಎಂದೇ! ಆಳಂದದ ಓಣಿಯಲ್ಲಿ ಒಂದು ಕೇಳಿದರೆ ಇಪ್ಪತ್ತೈದು ತಂದು ಸುರಿದರು, ಮೇಲೆ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಗಂಟು.

"ಒಂದೇ ಸಾಕ್ರೆವ್ವಾ" ಎಂದಳಂತೆ ಅತ್ತೆ.

"ಮಠಕ್ಕ ಒಂದ ರೊಟ್ಟಿ ಹ್ಯಾಂಗ ಕೊಡೂದ್ರಿ? ನಮ್ಮ ಮನಿ ಮರ್ಯಾದಿ ಏನಾಗಬೇಕು?"

ಅಲ್ಲ ತಾಯಿ, ಇದು ಮ್ಯೂಸಿಯಂಗೆ ಎಂದು ಬಿಡಿಸಿ ಹೇಳುವಷ್ಟರಲ್ಲಿ ಪಕ್ಕದ ಮನೆಯವರೂ ಪೈಪೋಟಿಗೆ ಬಿದ್ದಿದ್ದರು. ಮಠದ ಹೆಸರಲ್ಲಿ ಬಂದದ್ದನ್ನು ಮನೆಗೊಯ್ಯುವುದುಂಟೆ? ಅತ್ತೆ ಎರಡು ಮೂಟೆ ರೊಟ್ಟಿಯನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಮಠಕ್ಕೆ ಮುಟ್ಟಿಸಿದಳು. ಮಠದ ಸ್ವಾಮಿಗಳಾದ ಅಜ್ಜಾರು ಸಂತೋಷಪಟ್ಟು ಶಾಲು ಹೊದಿಸಿದರು. "ಇಷ್ಟು ಸೇವಾ ಮಾಡೀರಿ, ಏನ ಬೇಕು ಕೇಳ್ರಿ" ಎಂದರಂತೆ. ಅತ್ತೆ ಕೇಳಿದ್ದು, ಮೂಟೆಯೊಳಗಿಂದ ತಾನು ಗುರುತು ಮಾಡಿಟ್ಟ ಒಂಬತ್ತು ರೊಟ್ಟಿ ವಾಪಸ್!

ರೊಟ್ಟಿ ಅರ್ಧ ಆರಿದಾಗ ದಬ್ಬಣದಿಂದ ತೂತು ಹಾಕಿ ಉಲನ್ ದಾರ ಪೋಣಿಸುವುದು, ಗರಿಗರಿಯಾಗಿ ಒಣಗಿಸುವುದು, ಆಮೇಲೆ ನೇತುಹಾಕುವುದು ಆಕೆಯ ಪದ್ಧತಿ. ಇರುವೆ ಬಂದವು. ಬೇವಿನ ಹೊಗೆ ಹಾಕಿದಳು. ಇಲಿ ಬಂದವು. ಆಗ ಬಡಿಗೇರನ ಹತ್ತಿರ ವಾರ್ನಿಷ್ ತಂದು ಎರಡೆರಡು ಕೋಟು ಬಳಿದಳು! ಒಂದು ದಿನ ಆಕೆ ಊರಿಂದ ಊರಿಗೆ ಅಲೆಯುತ್ತಿದ್ದಾಗ ಮಾಮಾ ಹಸಿವು ತಾಳದೆ ಮೂಲೆಯ ರೊಟ್ಟಿಯೊಂದನ್ನು ಬಿಚ್ಚಿ ಮಜ್ಜಿಗೆಯಲ್ಲಿ ನೆನೆಹಾಕಿದರು. ತಾಸು ಕಳೆಯಿತು. ರೊಟ್ಟಿ ದೋಣಿಯಂತೆ ತೇಲುತ್ತಲೇ ಇತ್ತು. "ಅದೇನು ರೊಟ್ಟಿನೋ ಫರಸಿ ಕಲ್ಲೋ?" ಎಂದು ಮಾಮಾ ನನಗೆ ಫೋನಿನಲ್ಲಿ ಗೋಳಾಡಿದರು. ಅದನ್ನೇ ಒರೆಸಿ ಮತ್ತೆ ನೇತುಹಾಕಿದರು. ಅತ್ತೆಗೆ ಇವತ್ತಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ.

ನನ್ನ ರೊಟ್ಟಿಯೂ ಬೇಕೆಂದಳು. ನನಗೆ ವರ್ಗಮೂಲ ಬರುತ್ತದೆ, ರೊಟ್ಟಿ ಬರುವುದಿಲ್ಲ. ಸ್ಕೂಲಿನ ಹತ್ತಿರದ ರೊಟ್ಟಿ ಕೇಂದ್ರದಲ್ಲಿ ಒಂದು ತೆಗೆದುಕೊಂಡು, ಅಂಚನ್ನು ಸ್ವಲ್ಪ ಮುರಿದು, ನಾನೇ ಬಡಿದದ್ದೆಂದು ಒಯ್ದುಕೊಟ್ಟೆ. ಅತ್ತೆ ಬೆಳಕಿಗೆ ಹಿಡಿದಳು, ತಿರುಗಿಸಿದಳು, ಮೂಸಿದಳು.

"ಇದು ಮಷೀನಿಂದು."

"ಹ್ಯಾಂಗ ಗೊತ್ತಾತು?"

"ಇದರಾಗ ಯಾರೂ ಇಲ್ಲ ಬೇ."

ಇಪ್ಪತ್ತು ವರ್ಷ ಮಕ್ಕಳ ಕಾಪಿ ಹಿಡಿದ ನಾನು ಅಂದು ತಲೆ ತಗ್ಗಿಸಿ ನಿಂತೆ.

ಇಷ್ಟೆಲ್ಲ ಇದ್ದರೂ ಗೋಡೆಯ ನಟ್ಟನಡುವೆ ಒಂದು ಜಾಗ ಮೊದಲ ದಿನದಿಂದಲೂ ಖಾಲಿ. ಅದು ನಮ್ಮ ಅವ್ವನದು. ಅವ್ವ ನಮ್ಮ ಮನೆಗೆ ಸೊಸೆಯಾಗಿ ಬಂದಾಗ ಅತ್ತೆ ಒಂಬತ್ತು ವರ್ಷದ ನಾದಿನಿ. ಆಕೆಯ ಕೈ ಹಿಡಿದು ರೊಟ್ಟಿ ಬಡಿಯಲು ಕಲಿಸಿದವಳೇ ಅವ್ವ. ಆದರೆ ಹೋದ ವರ್ಷ ಅವ್ವನಿಗೆ ಲಕವಾ ಹೊಡೆದು ಬಲಗೈ ಬಿದ್ದುಹೋಯಿತು. ಆಡಿಸಿದರೆ ಕೈ ತಿರುಗಿ ಬರುತ್ತದೆ ಎಂದು ಡಾಕ್ಟರು ಹೇಳಿದ್ದರು. ಅವ್ವ ಆಡಿಸಲೇ ಇಲ್ಲ. ಗೊಬ್ಬೂರಿನಲ್ಲಿ ನನ್ನ ತಮ್ಮನ ಮನೆಯಲ್ಲಿ, ಮೊಮ್ಮಕ್ಕಳ ಗದ್ದಲದ ನಡುವೆ, ಆ ಕೈಯನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಮಂಚ ಹಿಡಿದು ಕೂತಳು. ಅಡುಗೆಮನೆಯ ಹೊಸ್ತಿಲು ದಾಟುವುದನ್ನೇ ಬಿಟ್ಟಳು. ನಾವು ಬೇಡಿಕೊಂಡೆವು, ಗದರಿದೆವು, ಕೊನೆಗೆ ಸುಮ್ಮನಾದೆವು. ಹಾಗೆ ಸುಮ್ಮನಾದದ್ದಕ್ಕೆ ನನಗೆ ಈಗಲೂ ನಾಚಿಕೆಯಾಗುತ್ತದೆ.

ಅತ್ತೆ ಸುಮ್ಮನಾಗಲಿಲ್ಲ. ಮ್ಯೂಸಿಯಂಗೆ ವೈನಿಯ, ಅಂದರೆ ಅತ್ತಿಗೆಯ, ರೊಟ್ಟಿ ಬೇಕೇ ಬೇಕು, ಸಿಗದ ಹೊರತು ತಿರುಗಿ ಬರುವುದಿಲ್ಲ ಎಂದು ಮಾಮಾಗೆ ಹೇಳಿ, ಜೋಳದ ಹಿಟ್ಟಿನ ಗಂಟು ಕಟ್ಟಿಕೊಂಡು ಗೊಬ್ಬೂರಿಗೆ ಬಂದಿಳಿದಳು. ಅಂದು ಭಾನುವಾರ, ನಾನೂ ಅಲ್ಲಿದ್ದೆ.

"ಏಳು ವೈನಿ, ಒಂದ ರೊಟ್ಟಿ ಬಡಿ."

"ನಿನಗೇನ ಕಣ್ಣಿಲ್ಲೇನು? ಕೈ ಸತ್ತದ ನಂದು."

"ಸತ್ತಿದ್ರ ಮಣ್ಣ ಮಾಡ್ತಿದ್ವಿ. ಏಳು."

ನನ್ನ ತಮ್ಮನ ಹೆಂಡತಿ ಹೌಹಾರಿ ನನ್ನ ಮುಖ ನೋಡಿದಳು. ಅವ್ವ ಗೋಡೆಯ ಕಡೆ ಹೊರಳಿದಳು. ಅತ್ತೆ ಮಂಚದ ಬಳಿಯೇ ನೆಲದ ಮೇಲೆ ಕೂತಳು. ತಾಸಾದರೂ ಏಳಲಿಲ್ಲ. ಕೊನೆಗೆ ಅವ್ವನೇ ಗೋಡೆಗೆ ಹೇಳಿದಳು.

"ಸೊಟ್ಟ ಆಗ್ತದ. ಹೆಸರ ಬರದು ತೂಗಹಾಕ್ತಿ. ಮಂದಿ ನೋಡಿ ನಗ್ತಾರ."

ಅತ್ತೆ ಫೋನ್ ತೆಗೆದಳು. ಪರದೇಶದ ಅದೊಂದು ವಾಲಿದ ಗೋಪುರವನ್ನು ಹುಡುಕಿ ಅವ್ವನ ಮೂಗಿನ ಹತ್ತಿರ ಹಿಡಿದಳು.

"ಇದನ್ನ ನೋಡು. ವಿಮಾನದಾಗ ಬರ್ತಾರ ಮಂದಿ ಇದನ್ನ ನೋಡಾಕ. ಅದರ ಬಾಜೂಕಿನ ಮನಿ ನೆಟ್ಟಗ ನಿಂತದ, ಅದನ್ನ ಯಾರು ನೋಡಾಕತ್ತಾರ ಹೇಳು?"

ಅವ್ವ ಬಹಳ ಹೊತ್ತು ನೋಡಿದಳು. "ಇನ್ನೂ ಬಿದ್ದಿಲ್ಲೇನಿದು?" ಎಂದು ಕೇಳಿದಳು.

"ಬಿದ್ದಿಲ್ಲ."

ಅವ್ವ ಎದ್ದಳು. ಒಂದು ವರ್ಷದ ಮೇಲೆ ಒಲೆಯ ಮುಂದೆ ಕೂತಳು. ಸೆರಗಿನಿಂದ ಬಲಗೈಯನ್ನು ಎಡಗೈಯಿಂದ ಎತ್ತಿ ಹಿಟ್ಟಿನ ಮೇಲಿಟ್ಟಳು. ತಪ್ ಎಂದು ಒಂದು ಪೆಟ್ಟು. ಬಹಳ ಹೊತ್ತು ಏನಿಲ್ಲ. ಮತ್ತೊಂದು ಪೆಟ್ಟು. ನಾನು ಸಹಾಯಕ್ಕೆಂದು ಮುಂದೆ ಬಾಗಿದರೆ ಅತ್ತೆ ನನ್ನ ಮೊಣಕೈ ಚಿವುಟಿದಳು. ತನ್ನೆರಡೂ ಕೈ ಎಲ್ಲಿ ಅಡ್ಡ ಬಂದಾವೋ ಎಂದು ಅವುಗಳನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತಿದ್ದಳು. ಒಂದು ರೊಟ್ಟಿಗೆ ಅರ್ಧ ತಾಸು ಹಿಡಿಯಿತು. ಒಂದು ಕಡೆ ದಪ್ಪ, ಒಂದು ಕಡೆ ಹರಿದಿದೆ, ಅಂಚಿನಲ್ಲಿ ಬೆರಳುಗಳು ಎಲ್ಲೆಂದರಲ್ಲಿ ಎಡವಿವೆ. ಅವ್ವನ ಹಣೆಯ ಮೇಲೆ ಬೆವರು. ರೊಟ್ಟಿ ಹಂಚಿನ ಮೇಲೆ ಬೆಂದಿತು.

ನಾನು ದಬ್ಬಣ, ಉಲನ್ ದಾರ ಹುಡುಕಲು ಎದ್ದೆ. ತಿರುಗಿ ನೋಡಿದರೆ ಅತ್ತೆ ರೊಟ್ಟಿಗೆ ಹಿಂಡಿ, ಎಣ್ಣೆ ಹಚ್ಚಿಕೊಂಡು ತಿನ್ನುತ್ತಿದ್ದಾಳೆ!

"ಏ, ಗ್ವಾಡಿಗಿ ಅಂದಿದ್ದ್ಯಲ್ಲ!" ಅವ್ವ ಹೌಹಾರಿದಳು.

"ಬಿಸಿ ರೊಟ್ಟಿ ಗ್ವಾಡಿಗಿ ಹಾಕಾಕ ನನಗೇನ ಹುಚ್ಚೇನು? ನಾಳಿ ಮತ್ತೊಂದು ಬಡಿ. ಅದನ್ನ ಹಾಕ್ತೇನಿ."

ಬಾಯಿ ತುಂಬ ರೊಟ್ಟಿ ಇಟ್ಟುಕೊಂಡು ಇದನ್ನು ಹೇಳಿದಳು. ಕಣ್ಣಿಂದ ಗಲ್ಲದ ಮೇಲೆ ನೀರಿಳಿಯುತ್ತಿದ್ದುದನ್ನು ಒರೆಸಿಕೊಳ್ಳಲಿಲ್ಲ. ಹಿಂಡಿ ಖಾರ ಎಂದಳು.

ಮರುದಿನದ್ದನ್ನೂ ತಿಂದಳು. ಅದರ ಮರುದಿನದ್ದನ್ನೂ. ಅತ್ತೆ ಗೊಬ್ಬೂರಿಗೆ ಬಂದು ಈಗ ಮೂರು ವಾರ. ಇಜೇರಿಯಿಂದ ಮಾಮಾ ದಿನಾ ಫೋನ್ ಮಾಡಿ, ಮ್ಯೂಸಿಯಂ ಬಾಗಿಲು ಹಾಕಿದೆ, ನೋಡಲು ಬಂದವರಿಗೆ ಏನು ಹೇಳಲಿ ಎಂದು ಕೇಳುತ್ತಾರೆ. ಹೊಟ್ಟೆ ತುಂಬಿಲ್ಲ ಎಂದು ಹೇಳ್ರಿ ಎನ್ನುತ್ತಾಳಂತೆ ಅತ್ತೆ.

ನಿನ್ನೆ ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಕೂತಿದ್ದೆ. ಅವ್ವನ ಫೋನು. ಒಂದು ವರ್ಷದಿಂದ ನಾವಾಗಿ ಮಾಡಿದರೆ ಹಾಂ, ಹೂಂ ಅನ್ನುವವಳು ತಾನಾಗಿ ಮಾಡಿದ್ದಳು. ದನಿಯಲ್ಲಿ ಬೆಂಕಿಯಂಥ ಸಿಟ್ಟು.

"ನಿಮ್ಮತ್ತಿ ಇವತ್ತೂ ತಿಂದಳು ನೋಡು! ಇವತ್ತಿಂದು ಭಾಳ ಛಂದ ಆಗಿತ್ತು ಬೇ, ಗುಂಡಗ ಆಗಿತ್ತು. ಆಕಿ ಸೊಕ್ಕು ಮುರೀತೇನಿ ತಡಿ. ನಾಳಿ ಎರಡ ಬಡೀತೇನಿ. ಹ್ಯಾಂಗ ತಿಂತಾಳ ನೋಡೇ ಬಿಡ್ತೇನಿ!"

ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಆ ಕಡೆ ಅವ್ವ ಇನ್ನೂ ಬೈಯುತ್ತಲೇ ಇದ್ದಳು, ಹಿಂದೆ ಅತ್ತೆ ಜೋರಾಗಿ ನಗುತ್ತಿದ್ದಳು. ಎರಡು ರೊಟ್ಟಿ! ನಾಳೆ ಬಡಿಯುತ್ತೇನೆ ಎಂದು ನಮ್ಮವ್ವ ತನ್ನ ಬಾಯಿಂದಲೇ ಅಂದಿದ್ದಳು.